ಬೆಳಗಾವಿ 1924: ಬಿಟ್ಟುಕೊಟ್ಟ ಅಧ್ಯಕ್ಷರು

ಈ ಶಾಲೆಯಲ್ಲಿ ನಾನು ಇತಿಹಾಸ ಕಲಿಸಿದ್ದು ಹನ್ನೊಂದು ವರ್ಷ. ಪ್ರತಿವರ್ಷ ಶಾಲಾ ಸಂಸತ್ತಿನ ಚುನಾವಣೆ ಮುಗಿದ ಮೇಲೆ, ಗೆದ್ದ ಮಕ್ಕಳಿಗೆ ನಾಯಕತ್ವದ ಬಗ್ಗೆ ನಾಲ್ಕು ಮಾತು ಹೇಳುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಧೈರ್ಯ, ಶಿಸ್ತು, ಪ್ರಾಮಾಣಿಕತೆ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಒಮ್ಮೆ ಶೈಕ್ಷಣಿಕ ಪ್ರವಾಸಕ್ಕೆಂದು ಅವರನ್ನು ಬೆಳಗಾವಿಗೆ ಕರೆದುಕೊಂಡು ಹೋಗಿಬಂದ ಮೇಲೆ ಆ ಪಟ್ಟಿ ಬರೆಯುವುದನ್ನು ಬಿಟ್ಟೆ.

ಟಿಳಕವಾಡಿಯ ಕಾಂಗ್ರೆಸ್ ಬಾವಿಯ ಹತ್ತಿರ ನಿಂತು ಎಂದಿನ ಪಾಠ ಒಪ್ಪಿಸಿದೆ. 1924ರ ಡಿಸೆಂಬರ್ 26 ಮತ್ತು 27ರಂದು ಇಲ್ಲಿ ಕಾಂಗ್ರೆಸ್ಸಿನ 39ನೆಯ ಅಧಿವೇಶನ ನಡೆಯಿತು; ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಇದೊಂದಕ್ಕೇ; ಅಧಿವೇಶನದ ನಗರಕ್ಕೆ ವಿಜಯನಗರವೆಂದು, ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂದು ಹೆಸರಿಟ್ಟಿದ್ದರು; ಬಾವಿಗೆ ತಗುಲಿದ ಖರ್ಚು 4,370 ರೂಪಾಯಿ 3 ಆಣೆ. ಅಷ್ಟರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಒಂದೇ ಸಲ ಯಾಕ್ರಿ ಅಧ್ಯಕ್ಷರಾಗಿದ್ದು?" ಎಂದಳು. ಅಲ್ಲಿಯೇ ಸರಿಯಾದ ಉತ್ತರ ಕೊಡಲು ನನಗೆ ಆಗಲಿಲ್ಲ.

ಉತ್ತರ ಹುಡುಕುತ್ತ ಹೋದರೆ ಅದು 1922ರಿಂದ ಶುರುವಾಗುತ್ತದೆ. ಚೌರಿಚೌರಾದ ನಂತರ ಗಾಂಧೀಜಿ ಚಳವಳಿಯನ್ನು ತಡೆದರು, ಆರು ವರ್ಷಗಳ ಶಿಕ್ಷೆಯಾಗಿ ಜೈಲು ಸೇರಿದರು. ಹೊರಗೆ ಪಕ್ಷ ಎರಡಾಯಿತು. ಶಾಸನಸಭೆಗಳನ್ನು ಪ್ರವೇಶಿಸಿ ಒಳಗಿನಿಂದಲೇ ಸರ್ಕಾರವನ್ನು ಎದುರಿಸಬೇಕೆಂದ ಚಿತ್ತರಂಜನ ದಾಸ್ ಮತ್ತು ಮೋತಿಲಾಲ ನೆಹರೂ ಸ್ವರಾಜ್ಯ ಪಕ್ಷ ಕಟ್ಟಿದರು. ಬಹಿಷ್ಕಾರವನ್ನು ಸಡಿಲಿಸಕೂಡದೆಂದ ರಾಜಾಜಿ ಮೊದಲಾದವರು ಅದಕ್ಕೆ ವಿರುದ್ಧ ನಿಂತರು. ಅನಾರೋಗ್ಯದ ಕಾರಣ 1924ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿ ಬಂದ ಗಾಂಧೀಜಿಯ ಮನಸ್ಸು ಈ ಎರಡನೆಯ ಗುಂಪಿನ ಕಡೆಗೇ ಇತ್ತು. ಜೂನ್‌ನಲ್ಲಿ ಅಹಮದಾಬಾದಿನಲ್ಲಿ ಸಮಿತಿ ಸೇರಿದಾಗ ತಮ್ಮ ಪಟ್ಟಿನಂತೆ ನಿರ್ಣಯಗಳನ್ನು ಮಂಡಿಸಿದರು. ಅಲ್ಪ ಬಹುಮತ ಸಿಕ್ಕಿತು. ಮತ ಎಣಿಸಿದರೆ ಅದು ಗೆಲುವೇ. ಅವರು ಮಾತ್ರ ತಾನು ಸೋತೆ ಎಂದು ತಮ್ಮ ಪತ್ರಿಕೆಯಲ್ಲಿ ಬರೆದುಕೊಂಡರು.

ಮುಂದೆ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ದಾಸ್ ಮತ್ತು ಮೋತಿಲಾಲರೊಂದಿಗೆ ಒಪ್ಪಂದವಾಯಿತು. ವಿದೇಶಿ ಬಟ್ಟೆಯ ಬಹಿಷ್ಕಾರವೊಂದನ್ನು ಉಳಿಸಿಕೊಂಡು ಅಸಹಕಾರವನ್ನು ನಿಲ್ಲಿಸುವುದು. ಶಾಸನಸಭೆಯ ಕೆಲಸವನ್ನು ಸ್ವರಾಜ್ಯ ಪಕ್ಷ ಕಾಂಗ್ರೆಸ್ಸಿನ ಪರವಾಗಿಯೇ ನಡೆಸುವುದು. ತನಗೆ ಒಪ್ಪಿಗೆಯಿಲ್ಲದ ದಾರಿಯನ್ನು ತನ್ನ ಸಂಸ್ಥೆಯ ಹೆಸರಿನಲ್ಲೇ ಇನ್ನೊಬ್ಬರಿಗೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಅವರನ್ನೇ ನಂಬಿ ವಕೀಲಿ ಬಿಟ್ಟವರು, ಶಾಲೆ ತೊರೆದವರು ಎಷ್ಟೋ ಜನ ನೊಂದುಕೊಂಡರು. ಒಡೆದ ಮನೆಯನ್ನು ಒಂದು ಮಾಡಬೇಕಾಗಿದ್ದರಿಂದಲೇ ಅವರು ಬೆಳಗಾವಿಯ ಅಧ್ಯಕ್ಷತೆಗೆ ಒಪ್ಪಿದರು. ಒಪ್ಪಂದಕ್ಕೆ ಅಧಿವೇಶನದ ಮುದ್ರೆ ಬಿತ್ತು.

ತಾವು ಪಡೆದದ್ದು ನೂಲಿನ ನಿಯಮ. ಸದಸ್ಯರಾದವರು ತಿಂಗಳಿಗೆ 2,000 ಗಜ ನೂಲು ಕೊಡಬೇಕು. ತಾವು ನೂಲಲಾಗದವರು ಬೇರೆಯವರಿಂದ ತಂದಾದರೂ ಕೊಡಬೇಕು. ಇದು ನಡೆಯುವ ನಿಯಮವಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ನಡೆಯಲೂ ಇಲ್ಲ. 1925ರ ಸೆಪ್ಟೆಂಬರಿನಲ್ಲಿ ಪಟ್ನಾದಲ್ಲಿ ಅದನ್ನು ಐಚ್ಛಿಕ ಮಾಡಲಾಯಿತು. ಗಾಂಧೀಜಿ ಹಟ ಹಿಡಿಯದೆ ಚರಕದ ಕೆಲಸಕ್ಕೆ ಬೇರೆ ಸಂಘ ಕಟ್ಟಿದರು. ಆ ಡಿಸೆಂಬರಿನ ಕಾನಪುರ ಅಧಿವೇಶನದಲ್ಲಿ ಅಧ್ಯಕ್ಷ ಪದವಿ ಸರೋಜಿನಿ ನಾಯ್ಡು ಅವರಿಗೆ ಹೋಯಿತು.

ಇನ್ನು ಬೆಳಗಾವಿಯ ವ್ಯವಸ್ಥೆಯ ಮಾತು. ಹೊಣೆ ಹೊತ್ತವರು ಕರ್ನಾಟಕ ಸಿಂಹ ಗಂಗಾಧರರಾವ್ ದೇಶಪಾಂಡೆ. ಸ್ವಯಂಸೇವಕರನ್ನು ಸಜ್ಜುಗೊಳಿಸಿದವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್. ಗಾಂಧೀಜಿಗೆಂದು ಕಟ್ಟಿದ ಕುಟೀರಕ್ಕೆ 350 ರೂಪಾಯಿ ಹಿಡಿದಿತ್ತು. ಇಷ್ಟೇಕೆ ಎಂದು ಅವರು ಆಕ್ಷೇಪಿಸಿದರು. ಪ್ರತಿನಿಧಿ ಶುಲ್ಕವನ್ನು ಹತ್ತು ರೂಪಾಯಿಯಿಂದ ಒಂದು ರೂಪಾಯಿಗೆ ಇಳಿಸಿ ಎಂದರು. ಸ್ವಾಗತಗೀತೆ ಹಾಡಿದವರಲ್ಲಿ ಧಾರವಾಡದ ಗಂಗೂಬಾಯಿ ಎಂಬ ಚಿಕ್ಕ ಹುಡುಗಿಯಿದ್ದಳು, ಮುಂದೆ ಗಂಗೂಬಾಯಿ ಹಾನಗಲ್ ಎಂದು ನಾಡೆಲ್ಲ ಕೊಂಡಾಡಿದವರು. ಜಾತಿಯ ಕಾರಣಕ್ಕೆ ಊಟದ ಹೊತ್ತಿನಲ್ಲಿ ತನ್ನನ್ನು ಹೇಗೆ ನಡೆಸಿಕೊಳ್ಳುತ್ತಾರೋ ಎಂಬ ಅಳುಕು ಆಗ ತನಗಿತ್ತೆಂದು ಅವರು ನೆನೆದಿದ್ದಾರೆ. ಅಂಥ ಕಾಲದಲ್ಲಿ ಅಧಿವೇಶನದ ಪಾಯಖಾನೆಗಳನ್ನು ಸ್ವಚ್ಛ ಮಾಡಿದ್ದು ಸ್ವಯಂಸೇವಕರು. ಅವರಲ್ಲಿ ಹಲವರು ಬ್ರಾಹ್ಮಣ ಮನೆತನದವರು.

ಪ್ರವಾಸದಿಂದ ಮರಳಿದ ವಾರ ಇದನ್ನೆಲ್ಲ ತರಗತಿಯಲ್ಲಿ ಹೇಳಿದೆ. ಬಾವಿಯ ಬಳಿ ಪ್ರಶ್ನೆ ಕೇಳಿದ ಅದೇ ಹುಡುಗಿ ಮತ್ತೆ ಎದ್ದು ನಿಂತಳು. "ಹಂಗಾದ್ರ ನಮ್ಮ ಸಾಲ್ಯಾಗ ಸಂಸತ್ತಿನ ಮಂತ್ರಿಗಳಿಗೆ ಕಸ ಹೊಡಿಯೋ ಪಾಳಿ ಯಾಕಿಲ್ರಿ ಸರ್?"

ಆ ವಿನಾಯಿತಿ ಕೊಟ್ಟವನು ನಾನೇ. ಸ್ವಚ್ಛತೆಯ ಪಾಳಿಯ ಪಟ್ಟಿ ಬರೆಯುವಾಗ, ಮಂತ್ರಿಗಳು ಉಸ್ತುವಾರಿ ನೋಡಿಕೊಳ್ಳಲಿ ಎಂದು ಅವರ ಹೆಸರನ್ನು ಬಿಡುತ್ತಿದ್ದೆ. ಹಾಗೆ ಬಿಟ್ಟ ಮೇಲೆ ಪೊರಕೆ ಯಾರ ಕೈಗೆ ಹೋಗುತ್ತದೆ ಎಂದು ಒಮ್ಮೆಯೂ ಗಮನಿಸಿರಲಿಲ್ಲ. ಆ ಸಂಜೆ ಹಾಜರಿ ಪುಸ್ತಕ ತೆಗೆದು ಹಿಂದಿನ ತಿಂಗಳುಗಳ ಪಾಳಿಯನ್ನು ನೋಡಿದೆ. ಅವೇ ಏಳೆಂಟು ಹೆಸರುಗಳು ಮತ್ತೆ ಮತ್ತೆ ಬಂದಿದ್ದವು, ಬಹುತೇಕ ಒಂದೇ ಕೇರಿಯ ಮಕ್ಕಳು. ಪ್ರಶ್ನೆ ಕೇಳಿದವಳೂ ಅದರಲ್ಲಿದ್ದಳು.

ಮರುದಿನ ಹೊಸ ಪಟ್ಟಿ ಹಾಕಿದೆ. ಶನಿವಾರದ ಪಾಳಿಯಲ್ಲಿ ಮೊದಲ ಹೆಸರು ನನ್ನದು, ನಂತರ ಮಂತ್ರಿಗಳದು. ಮಂತ್ರಿಯಾಗಿದ್ದ ಒಬ್ಬ ಹುಡುಗನ ತಂದೆ ಶಾಲೆಗೆ ಬಂದು ಜಗಳವಾಡಿ ಹೋದರು. ಪಟ್ಟಿ ಬದಲಾಗಲಿಲ್ಲ. ಮೊದಲ ಶನಿವಾರ ನಾನು ವರಾಂಡ ಗುಡಿಸತೊಡಗಿದಾಗ ಧೂಳೆಲ್ಲ ತಿರುಗಿ ನನ್ನ ಧೋತರದ ಮೇಲೆಯೇ ಬಂತು. ಆ ಹುಡುಗಿ ನೋಡಿ ನಗು ತಡೆಯಲಾಗದೆ, "ಕಸಬರಿಗಿ ಹಂಗ ಹಿಡೀಬಾರದ್ರಿ ಸರ್, ಕೊಡ್ರಿಲ್ಲೆ ತೋರಸ್ತೀನಿ" ಎಂದಳು.