ಮಿತಾಕ್ಷರೆಯಲ್ಲಿ ಅವಿಭಾಜ್ಯವಾದ ಬಾವಿ ಮತ್ತು ದಾರಿ

ಧಾರವಾಡ ಪ್ರಾಂತದ ಒಟ್ಟುಮನೆಗಳ ದಾಯವಿಭಾಗಕ್ಕೆ ಮಿತಾಕ್ಷರೆಯು ಬಹುಕಾಲ ಪ್ರಧಾನ ಪ್ರಮಾಣವಾಗಿದ್ದಿತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. 1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಈ ವ್ಯಾಖ್ಯಾನದಲ್ಲಿ, ಆಸ್ತಿಯು ಪಾಲಾದರೂ ಕೆಲವು ವಸ್ತುಗಳು ಅವಿಭಾಜ್ಯವೆಂದು ನಿರ್ಣಯಿಸಿರುವನು. ಪಾಲುದಾರರ ಸಂಖ್ಯೆಗೆ ಹೊಂದದ ಬಾವಿಯನ್ನು ಬೆಲೆಕಟ್ಟಿ ಹಂಚತಕ್ಕದ್ದಲ್ಲ, ಸರದಿಯಿಂದ ಉಪಭೋಗಿಸತಕ್ಕದ್ದು. ಮನೆಯ ಪ್ರವೇಶನಿರ್ಗಮಮಾರ್ಗವೂ ಅವಿಭಾಜ್ಯವೇ. ದಾರಿಯನ್ನು ತುಂಡರಿಸಿದರೆ ಒಬ್ಬ ದಾಯಾದನ ಪಾಲು ಸೆರೆಮನೆಯಾಗುವುದಷ್ಟೆ.

ಇಂದು ಹುಬ್ಬಳ್ಳಿ-ಧಾರವಾಡದ ಬಹುಮಹಡಿ ವಸತಿಗಳಲ್ಲಿ ರಕ್ತಸಂಬಂಧವಿಲ್ಲದವರು ಕೂಡಿ ಬಾಳುವರು. ಘೋಷಣಾಪತ್ರದ ಮೂಲಕ ತನಗೆ ಒಳಪಟ್ಟ ಕಟ್ಟಡಗಳಿಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಅಧಿನಿಯಮವು ವಿಧಿಸುವುದೂ ಇದನ್ನೇ: ಮನೆಯು ಅವರವರದು, ಮೆಟ್ಟಿಲು, ನೀರಿನ ತೊಟ್ಟಿ ಮೊದಲಾದವು ಸರ್ವರ ಅವಿಭಕ್ತ ಸ್ವತ್ತು. ಅವುಗಳ ವಿಭಾಗಕ್ಕೆ ದಾವೆಯಿಲ್ಲ. ಬಳಸಲಿಲ್ಲವೆಂದು ವೆಚ್ಚದ ಪಾಲಿನಿಂದ ಬಿಡುಗಡೆಯೂ ಇಲ್ಲ. ಶಾಸನದ ಮೂಲವು ಬೇರೆ, ನ್ಯಾಯವು ಒಂದೇ.