ಪದ ಪರಿಚಯ: ಅಂತೆ

‘ಅಂತೆ’ ಎರಡೇ ಅಕ್ಷರ. ‘ಅನ್ನು’ ಕ್ರಿಯೆಯ ನಂಟಿನ ಈ ಮಾತು, ಸಂಗತಿ ಕಣ್ಣಾರೆ ಕಂಡದ್ದಲ್ಲ, ಕಿವಿಗೆ ಬಿದ್ದದ್ದು ಎಂದು ಸೂಚಿಸುತ್ತದೆ. ಸಂಸ್ಕೃತದಿಂದ ಬಂದ ‘ವದಂತಿ’ಯ ಮೂಲಾರ್ಥವೂ ‘ಹೇಳುತ್ತಾರೆ’ ಎಂದೇ. ಹೇಳುವವರು ಯಾರು ಎಂಬುದು ಅದರಲ್ಲಿಲ್ಲ.

ಬೆಳಗಾವಿ ಸೀಮೆಯಲ್ಲಿ ಇದು ‘ಅಂತ’. ‘ಹಿಡಕಲ್ ಡ್ಯಾಮಿನ ನೀರ ಬಿಟ್ಟಾರ’ ಎಂದರೆ ಖಚಿತ ಸುದ್ದಿ. ‘ಬಿಟ್ಟಾರಂತ’ ಎಂದರೆ ಕೇಳಿದ ಸುದ್ದಿ. 2019ರ ಆಗಸ್ಟ್‌ನಲ್ಲಿ ಈ ಡ್ಯಾಮಿನ ಕೆಳಗಿನ ಗೋಕಾಕಕ್ಕೆ ನೆರೆ ನುಗ್ಗಿದ್ದನ್ನು ಕಂಡವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮೊಬೈಲಿನಿಂದ ಮೊಬೈಲಿಗೆ ಸುದ್ದಿ ಹಾರುವಾಗ ಮೊದಲು ಉದುರುವುದು ‘ಅಂತ’ ಎಂಬ ಈ ಬಾಲವೇ.

ಹಿಡಕಲ್ ಜಲಾಶಯದ ಪೂರ್ಣ ಮಟ್ಟ 2,175 ಅಡಿ, ಸಾಮರ್ಥ್ಯ 51 ಟಿಎಂಸಿ. ಮಳೆಗಾಲದಲ್ಲಿ ದಿನದ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಗಳಲ್ಲಿ ಬರುತ್ತವೆ. ‘ಬಿಟ್ಟಾರಂತ’ ಎಂದು ಕೇಳಿದರೆ, ಮುಂದೆ ಕಳಿಸುವ ಮೊದಲು ಆ ಅಂಕಿ ನೋಡಿ.