ಸೇಡಂ–ಚಿಂಚೋಳಿ ಭಾಗದ ಪ್ರೌಢಶಾಲೆಗಳಲ್ಲಿ ಬಿಸಿಲಿನ ರಕ್ಷಣೆ: ನೆರಳು, ವೇಳಾಪಟ್ಟಿ ಮತ್ತು ಮೈಬಣ್ಣದ ಪ್ರಶ್ನೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪರಿಸರದಲ್ಲಿ ಬಿಸಿಲೆಂದರೆ ಮೊದಲಿಗೆ ನೆನಪಾಗುವುದು ಮೇ ತಿಂಗಳ 42 ಡಿಗ್ರಿ ಸೆಲ್ಸಿಯಸ್ ದಾಟುವ ಝಳ. ಆಡಳಿತದ ಏರ್ಪಾಡುಗಳೂ ಈ ಝಳವನ್ನೇ ಲೆಕ್ಕಕ್ಕೆ ಹಿಡಿದಿವೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ, ಶಾಲೆಗಳಿಗೆ ಬೇಸಿಗೆ ರಜೆ ಇರುತ್ತದೆ. ಆದರೆ ಬಿಸಿಲಿನಲ್ಲಿ ಶಾಖದ ಜೊತೆಗೆ ಅತಿನೇರಳೆ ಕಿರಣಗಳೂ, ಅಂದರೆ ಕಣ್ಣಿಗೆ ಕಾಣದ, ಮೈಗೆ ಬಿಸಿಯಾಗಿ ತಾಗದ, ಆದರೂ ಚರ್ಮ ಮತ್ತು ಕಣ್ಣಿನ ಜೀವಕೋಶಗಳಿಗೆ ಹಾನಿ ಮಾಡಬಲ್ಲ ಕಿರಣಗಳೂ ಇವೆ. ಶಾಖ ಮಧ್ಯಾಹ್ನ ಸುಮಾರು 3 ಗಂಟೆಯ ಹೊತ್ತಿಗೆ ಶಿಖರ ಮುಟ್ಟಿದರೆ, ಈ ಕಿರಣಗಳ ಶಿಖರ ಸೂರ್ಯ ನೆತ್ತಿಗೆ ಬರುವ ಹೊತ್ತು. ರೇಖಾಂಶದ ವ್ಯತ್ಯಾಸದಿಂದ ಸೇಡಂನಲ್ಲಿ ಅದು ಗಡಿಯಾರದ 12ಕ್ಕಲ್ಲ, ಸುಮಾರು 12.20ಕ್ಕೆ. ಝಳ ತಪ್ಪಿಸಲೆಂದು ಮಾಡಿದ ವೇಳೆ ಕಿರಣವನ್ನು ತಪ್ಪಿಸುವುದಿಲ್ಲ.

ಅತಿನೇರಳೆ ಕಿರಣದ ತೀವ್ರತೆಯನ್ನು ಮುಖ್ಯವಾಗಿ ನಿರ್ಧರಿಸುವುದು ಸೂರ್ಯನ ಎತ್ತರ. ಈ ಊರುಗಳು 17ರಿಂದ 17.5 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಸೂರ್ಯ ಇಲ್ಲಿ ವರ್ಷಕ್ಕೆ ಎರಡು ಬಾರಿ ನೇರ ನೆತ್ತಿಯ ಮೇಲೆ ಹಾಯುತ್ತಾನೆ: ಮೇ ಎರಡನೆಯ ವಾರದ ಸುಮಾರಿಗೆ ಒಮ್ಮೆ, ಆಗಸ್ಟ್ ಮೊದಲ ವಾರದ ಸುಮಾರಿಗೆ ಇನ್ನೊಮ್ಮೆ. ಮೊದಲನೆಯದು ರಜೆಯಲ್ಲಿ ಕಳೆದುಹೋಗುತ್ತದೆ. ಎರಡನೆಯದು ಶಾಲೆ ತುಂಬಿರುವಾಗ, ಮೋಡದ ತಂಪಿನಲ್ಲಿ ಯಾರ ಗಮನಕ್ಕೂ ಬಾರದೆ ನಡೆಯುತ್ತದೆ. ದಟ್ಟ ಮೋಡ ಕಿರಣಗಳನ್ನು ಬಹುಮಟ್ಟಿಗೆ ತಡೆದರೂ ತೆಳುಮೋಡ ಹೆಚ್ಚಿನ ಪಾಲನ್ನು ಒಳಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2002ರ ಕೈಪಿಡಿಯಲ್ಲಿ ವಿವರಿಸಿದ ಅತಿನೇರಳೆ ಸೂಚ್ಯಂಕದ ಪ್ರಕಾರ, ಸೂಚ್ಯಂಕ 3ನ್ನು ಮುಟ್ಟಿದಾಗಲೇ ರಕ್ಷಣೆ ಬೇಕು.

ಸೂಚ್ಯಂಕ ಅಳೆಯುವ ಉಪಕರಣ ಶಾಲೆಯಲ್ಲಿಲ್ಲದಿದ್ದರೂ ನೆರಳಿದೆ. ತನ್ನ ನೆರಳು ತನ್ನ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಕಿರಣ ಬಲವಾಗಿದೆ ಎಂದು ವಿದ್ಯಾರ್ಥಿ ತಾನೇ ತಿಳಿಯಬಹುದು. ಸೇಡಂನ ಅಕ್ಷಾಂಶದಲ್ಲಿ ಐದು ಅಡಿ ಎತ್ತರದ ಬಾಲಕಿಯ ನಡುಹಗಲ ನೆರಳು ಮಾರ್ಚ್ ಮೂರನೆಯ ವಾರದಲ್ಲಿ ಸುಮಾರು ಒಂದೂವರೆ ಅಡಿ. ಡಿಸೆಂಬರಿನ ಚಳಿಯಲ್ಲೂ ಅದು ನಾಲ್ಕೂಕಾಲು ಅಡಿ ಮಾತ್ರ. ಅಂದರೆ ನಡುಹಗಲಲ್ಲಿ ಎಚ್ಚರ ಬೇಡವೆನ್ನಬಹುದಾದ ತಿಂಗಳು ಇಲ್ಲಿ ಒಂದೂ ಇಲ್ಲ. ಹತ್ತನೆಯ ತರಗತಿಯ ತ್ರಿಕೋನಮಿತಿಯಲ್ಲಿ ಎತ್ತರ ಮತ್ತು ದೂರದ ಲೆಕ್ಕಗಳು ಹೇಗೂ ಇರುವುದರಿಂದ, ಅಂಗಳದಲ್ಲಿ ಕೋಲು ನೆಟ್ಟು ಮಾಡುವ ಈ ಅಳತೆ ಯಾವ ಉಪನ್ಯಾಸಕ್ಕಿಂತಲೂ ಹೆಚ್ಚು ಮನಸ್ಸಿಗೆ ಹಿಡಿಯುತ್ತದೆ. ಹದಿಹರೆಯದವರು ಹೇಳಿಸಿಕೊಂಡದ್ದಕ್ಕಿಂತ ಕಂಡುಕೊಂಡದ್ದನ್ನು ನಂಬುತ್ತಾರೆ.

ಶಾಲೆಗಳ ಮೂಲಕ ಇಂಥ ಅರಿವು ಮೂಡಿಸಿದ ಹೆಸರಾಂತ ಮಾದರಿ ಆಸ್ಟ್ರೇಲಿಯದ್ದು. 1981ರಲ್ಲಿ ಅಂಗಿ, ಲೇಪ, ಟೋಪಿ ಎಂಬ ಮೂರು ಮಾತಿನ ಪ್ರಚಾರದಿಂದ ತೊಡಗಿ, ಟೋಪಿಯಿಲ್ಲದ ಮಗುವಿಗೆ ಅಂಗಳದಲ್ಲಿ ಆಟವಿಲ್ಲ ಎಂಬ ನಿಯಮದವರೆಗೆ ಅದು ಬೆಳೆಯಿತು. ಅದನ್ನು ಇದ್ದಂತೆಯೇ ಇಲ್ಲಿಗೆ ತರುವುದು ಸರಿಯಲ್ಲ. ಅಲ್ಲಿನ ಮುಖ್ಯ ಭಯ ಬಿಳಿಯ ಚರ್ಮದವರ ಚರ್ಮದ ಕ್ಯಾನ್ಸರ್. ಇಲ್ಲಿನವರ ಚರ್ಮದಲ್ಲಿ ಹೇರಳವಾಗಿರುವ ಮೆಲನಿನ್, ಅಂದರೆ ಚರ್ಮಕ್ಕೆ ಕಪ್ಪು–ಕಂದು ಬಣ್ಣ ಕೊಡುವ ವರ್ಣದ್ರವ್ಯ, ಆ ಕ್ಯಾನ್ಸರಿನಿಂದ ಬಹುಪಾಲು ಕಾಪಾಡುತ್ತದೆ. ಆದರೆ ಮೆಲನಿನ್ ಶಾಖಾಘಾತವನ್ನು ತಡೆಯುವುದಿಲ್ಲ, ಕಣ್ಣಿನ ಮಸೂರವನ್ನೂ ಸಾಕಷ್ಟು ಕಾಯುವುದಿಲ್ಲ. ಮುಪ್ಪಿನಲ್ಲಿ ಕಾಣುವ ಕಣ್ಣಿನ ಪೊರೆಗೆ ಬಾಲ್ಯದಿಂದ ಕೂಡುತ್ತ ಬಂದ ಅತಿನೇರಳೆ ಕಿರಣದ ಪ್ರಮಾಣವೂ ಒಂದು ಕಾರಣ.

ಈ ಭಾಗದ ಹುಡುಗಿಯರು ಬಿಸಿಲಿನಿಂದ ರಕ್ಷಣೆ ಮಾಡಿಕೊಳ್ಳುವುದೇ ಇಲ್ಲ ಎನ್ನಲಾಗದು. ಸೈಕಲ್ಲಿನಲ್ಲೋ ನಡೆದೋ ಶಾಲೆಯಿಂದ ಹೊರಟವರು ವೇಲನ್ನು ತಲೆಗೂ ಮುಖಕ್ಕೂ ಬಿಗಿಯಾಗಿ ಸುತ್ತಿ, ಅದರ ತುದಿಯನ್ನು ಕಿವಿಯ ಹಿಂದೆ ಸಿಕ್ಕಿಸಿ, ಕಣ್ಣನ್ನಷ್ಟೇ ಹೊರಗಿಡುತ್ತಾರೆ. ಎಲ್ಲಕ್ಕಿಂತ ಹೆಚ್ಚು ರಕ್ಷಣೆ ಬೇಕಾದ ಅಂಗವೇ ಬಯಲಿಗೆ ಬೀಳುತ್ತದೆ. ಈ ರೂಢಿಯ ಹಿಂದೆ ಧೂಳಿನ ಕಾಟದ ಜೊತೆಗೆ, ಕಪ್ಪಾದರೆ ಸಂಬಂಧ ಕೂಡಿಬರುವುದಿಲ್ಲವೆಂಬ, ಮನೆಯಿಂದಲೇ ಬಂದ ಭಯವೂ ಇದೆ. ಮೈಬಣ್ಣ ತಿಳಿಯಾಗಿಸುವುದಾಗಿ ಹೇಳುತ್ತಿದ್ದ ‘ಫೇರ್ ಅಂಡ್ ಲವ್ಲಿ’ ಕ್ರೀಮು 2020ರಲ್ಲಿ ಹೆಸರು ಬದಲಿಸಿಕೊಂಡರೂ ಆ ಭಯ ಹೋಗಿಲ್ಲ. ಶಿಕ್ಷಕರು ‘ಬಿಸಿಲಿಗೆ ಹೋದರೆ ಕಪ್ಪಾಗುತ್ತೀರಿ’ ಎಂದು ಎಚ್ಚರಿಸುವುದು ಸುಲಭ; ಅದು ಆರೋಗ್ಯದ ಹೆಸರಿನಲ್ಲಿ ಅವಮಾನವನ್ನು ಕಲಿಸುತ್ತದೆ. ಅದೇ ಮಾತಿನಿಂದ ಹುಡುಗರು ಬಿಸಿಲಿನ ರಕ್ಷಣೆ ಹುಡುಗಿಯರ ಶೃಂಗಾರವೆಂದು ತಿಳಿದು ಬರಿತಲೆಯಲ್ಲೇ ಕಬಡ್ಡಿ ಆಡುತ್ತಾರೆ. ಹೊಲಕ್ಕೆ ಹೋಗುವ ಅವರ ಅಜ್ಜಂದಿರು ರುಮಾಲಿಲ್ಲದೆ ಹೊಸಿಲು ದಾಟುತ್ತಿರಲಿಲ್ಲವೆಂಬುದನ್ನು ಅವರಿಗೆ ನೆನಪಿಸಬೇಕು.

ಎರಡು ಗಂಟೆಗೊಮ್ಮೆ ಹಚ್ಚಿಕೊಳ್ಳಬೇಕಾದ ಸನ್‌ಸ್ಕ್ರೀನ್ ಕಲ್ಲುಗಣಿ ಮತ್ತು ತೊಗರಿ ಹೊಲದ ಕೂಲಿಯನ್ನೇ ನಂಬಿದ ಮನೆಗಳಿಗೆ ನಿಲುಕುವ ವಸ್ತುವಲ್ಲ. ಆದ್ದರಿಂದ ಹೊಣೆಯನ್ನು ಮಗುವಿನ ಚೀಲಕ್ಕೆ ಹೊರಿಸದೆ ಶಾಲೆಯೇ ಹೊರಬೇಕಾಗುತ್ತದೆ. ಸರ್ಕಾರ ಶಾಲಾಮಕ್ಕಳಿಗೆ ಕೊಡುವ ವಿದ್ಯಾವಿಕಾಸ ಯೋಜನೆಯ ಸಮವಸ್ತ್ರದಲ್ಲಿ ಟೋಪಿಯಿಲ್ಲ; ಸುತ್ತಲೂ ಅಂಚಿರುವ ಬಟ್ಟೆಯ ಟೋಪಿ ಸೇರಿದರೆ ಕಣ್ಣು, ಕಿವಿ, ಕತ್ತು ಮೂರಕ್ಕೂ ಮರೆಯಾಗುತ್ತದೆ, ಎಲ್ಲರೂ ಹಾಕುವುದರಿಂದ ಯಾರೂ ನಗೆಗೀಡಾಗುವುದಿಲ್ಲ. ನೆರಳಿನ ಮಾತಿಗೆ ಬಂದರೆ ಶಹಾಬಾದ್–ವಾಡಿಯ ಸುಣ್ಣಕಲ್ಲಿನ ನೆಲಕ್ಕೂ ಚಿಂಚೋಳಿಯ ಕಾಡಿನಂಚಿಗೂ ಅಂತರ ದೊಡ್ಡದು. ಫರಸಿ ಕಲ್ಲು ಹಾಸಿದ ಅಂಗಳ ಕಾದು ಸಂಜೆಯವರೆಗೂ ಶಾಖ ಉಗುಳುತ್ತದೆ, ತೆಳು ಮಣ್ಣಿನಲ್ಲಿ ಸಸಿ ಹತ್ತುವುದೂ ನಿಧಾನ. ಅತಿನೇರಳೆ ಕಿರಣದ ದೊಡ್ಡ ಪಾಲು ಆಕಾಶದಿಂದ ಚದುರಿ ಬರುವುದರಿಂದ ಬಯಲಿನ ಒಂಟಿ ಬೇವಿಗಿಂತ ಗೋಡೆಗೆ ಹೊಂದಿಕೊಂಡ ಮರಗಳ ಸಾಲು ಹೆಚ್ಚು ಕಾಯುತ್ತದೆ. ಸಸಿ ಬೆಳೆಯುವವರೆಗೆ ಬಿಸಿಯೂಟದ ಸಾಲು ಕೂರುವ ಜಾಗಕ್ಕೆ ಚಪ್ಪರ ಬೇಕು.

ಬಿಸಿಲನ್ನು ಪೂರ್ತಿ ತಪ್ಪಿಸುವುದು ಉದ್ದೇಶವಲ್ಲ. ಮೂಳೆಗೆ ಬೇಕಾದ ಡಿ ಜೀವಸತ್ವ ಚರ್ಮದಲ್ಲಿ ಹುಟ್ಟುವುದು ಬಿಸಿಲಿನಿಂದಲೇ, ಗಾಢವರ್ಣದ ಚರ್ಮಕ್ಕೆ ಅದಕ್ಕಾಗಿ ಬಿಸಿಲು ತುಸು ಹೆಚ್ಚೇ ಬೇಕು. ಹಣ ಬೇಡದ, ಮುಖ್ಯೋಪಾಧ್ಯಾಯರ ಸಹಿಯಷ್ಟೇ ಸಾಕಾಗುವ ಕೆಲಸವೆಂದರೆ ವೇಳಾಪಟ್ಟಿಯ ಬದಲಾವಣೆ: ಫೆಬ್ರವರಿಯಿಂದ ರಜೆಯವರೆಗೆ ಮತ್ತು ಶಾಲೆ ತೆರೆದಂದಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಆಟದ ಅವಧಿಯನ್ನು 11ರಿಂದ 3ರ ನಡುವೆ ಇಡದೆ, ಬೆಳಗಿನ ಮೊದಲ ಅವಧಿಗೋ ಸಂಜೆಯ ಕೊನೆಯ ಅವಧಿಗೋ ಸರಿಸುವುದು.